ಮೋಟಾರು ಅಪಘಾತ ಪರಿಹಾರ (ಗಾಯದ ಪ್ರಕರಣಗಳು)

ಮೋಟಾರು ಅಪಘಾತ ಪರಿಹಾರ ಎಂಬುದು ಮೋಟಾರು ವಾಹನದ ಬಳಕೆಯಿಂದ ಉಂಟಾದ ಅಪಘಾತದಲ್ಲಿ ಗಾಯಗೊಂಡವರಿಗೆ ಅಥವಾ ಮೃತಪಟ್ಟವರ ವಾರಸುದಾರರಿಗೆ ಭಾರತದ ಕಾನೂನಿನ ಪ್ರಕಾರ ದೊರೆಯುವ ಹಣಕಾಸಿನ ಪರಿಹಾರವಾಗಿದೆ. ಇದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ ಅಡಿಯಲ್ಲಿ ಸ್ಥಾಪಿತವಾದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳು ನಿರ್ಧರಿಸುತ್ತವೆ. ಅಪಘಾತಕ್ಕೆ ಕಾರಣನಾದ ಚಾಲಕ, ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಸಾಮಾನ್ಯವಾಗಿ ಎದುರುದಾರರಾಗಿರುತ್ತಾರೆ. ಪ್ರಸ್ತುತ ಲೇಖನವು ಮುಖ್ಯವಾಗಿ ಗಾಯದ ಪ್ರಕರಣಗಳನ್ನು ಕುರಿತದ್ದಾಗಿದೆ. ಮರಣದ ಪ್ರಕರಣಗಳಲ್ಲಿ ಅವಲಂಬಿತರ ನಷ್ಟವನ್ನು ಲೆಕ್ಕ ಹಾಕಲಾಗುತ್ತದೆ. ಗಾಯದ ಪ್ರಕರಣಗಳಲ್ಲಿ ಬದುಕುಳಿದ ವ್ಯಕ್ತಿಯ ಮುಂದಿನ ಜೀವನವನ್ನೇ ಅಳೆಯಬೇಕಾಗುತ್ತದೆ. ಆದ್ದರಿಂದ ಎರಡನೆಯದು ಹೆಚ್ಚು ಜಟಿಲವಾದದ್ದು.

ಇದು ಅಪರಾಧ ಪ್ರಕರಣಕ್ಕಿಂತ ಬೇರೆಯಾದ ಪ್ರಕ್ರಿಯೆ. ಅಜಾಗರೂಕ ಚಾಲನೆಗಾಗಿ ಚಾಲಕನ ಮೇಲೆ ಪೊಲೀಸರು ಹೂಡುವ ಮೊಕದ್ದಮೆಯಲ್ಲಿ ಶಿಕ್ಷೆಯ ಪ್ರಶ್ನೆ ಇರುತ್ತದೆ. ನ್ಯಾಯಮಂಡಳಿಯ ಮುಂದಿನ ಅರ್ಜಿಯಲ್ಲಿ ನಷ್ಟ ಭರ್ತಿಯ ಪ್ರಶ್ನೆ ಮಾತ್ರ ಇರುತ್ತದೆ. ಚಾಲಕ ಅಪರಾಧ ಪ್ರಕರಣದಲ್ಲಿ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ, ಏಕೆಂದರೆ ಎರಡರಲ್ಲಿಯೂ ರುಜುವಾತಿನ ಪ್ರಮಾಣ ಒಂದೇ ಅಲ್ಲ.

ಹಿನ್ನೆಲೆ

ವಿಶೇಷ ಕಾನೂನು ಬರುವ ಮೊದಲು ಗಾಯಾಳುಗಳು ಸಾಮಾನ್ಯ ಸಿವಿಲ್ ದಾವೆ ಹೂಡಿ, ನ್ಯಾಯಾಲಯ ಶುಲ್ಕ ತೆತ್ತು, ವರ್ಷಗಟ್ಟಲೆ ಕಾಯಬೇಕಾಗಿತ್ತು. ಮರಣ ಸಂಭವಿಸಿದ್ದರೆ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯನ್ನು ಆಶ್ರಯಿಸಬೇಕಾಗಿತ್ತು. 1939ರ ಮೋಟಾರು ವಾಹನಗಳ ಕಾಯ್ದೆಯು ಮೂರನೇ ವ್ಯಕ್ತಿಯ ಹಾನಿಗೆ ವಿಮೆ ಮಾಡಿಸುವುದನ್ನು ಕಡ್ಡಾಯಗೊಳಿಸಿತು. ಆ ಅಧ್ಯಾಯವು 1946ರ ಜುಲೈ 1ರಿಂದ ಜಾರಿಗೆ ಬಂದಿತು. ಆದರೂ ಹಣ ಪಡೆಯುವ ದಾರಿ ಸಿವಿಲ್ ನ್ಯಾಯಾಲಯದ ಮೂಲಕವೇ ಇತ್ತು. 1956ರ ತಿದ್ದುಪಡಿಯ ಮೂಲಕ ಪ್ರತ್ಯೇಕ ನ್ಯಾಯಮಂಡಳಿಗಳ ಸ್ಥಾಪನೆಗೆ ಅವಕಾಶವಾಯಿತು. 1982ರಲ್ಲಿ ಚಾಲಕನ ತಪ್ಪನ್ನು ಸಾಬೀತುಪಡಿಸದೆಯೇ ಒಂದು ನಿಗದಿತ ಮೊತ್ತವನ್ನು ಪಡೆಯುವ ತತ್ವವು ಮೊದಲ ಬಾರಿಗೆ ಕಾಯ್ದೆಯೊಳಗೆ ಬಂದಿತು. ಆಗ ಮರಣಕ್ಕೆ 15,000 ರೂಪಾಯಿ, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ನಿಗದಿಯಾಗಿತ್ತು.

ಇಂದು ಜಾರಿಯಲ್ಲಿರುವ 1988ರ ಕಾಯ್ದೆಯು 1989ರ ಜುಲೈ 1ರಿಂದ ಅನುಷ್ಠಾನಗೊಂಡಿತು. ಇದಕ್ಕೆ 1994ರಲ್ಲಿ ಮತ್ತು 2019ರಲ್ಲಿ ಆದ ತಿದ್ದುಪಡಿಗಳು ಪರಿಹಾರದ ವಿಷಯದಲ್ಲಿ ಮಹತ್ವದವು. 2019ರ ತಿದ್ದುಪಡಿಯ ವಿಮೆ ಮತ್ತು ಪರಿಹಾರದ ಭಾಗವು 2022ರ ಏಪ್ರಿಲ್ 1ರಿಂದ ಜಾರಿಗೊಂಡಿದೆ. ಆದ್ದರಿಂದ ಹಳೆಯ ತೀರ್ಪುಗಳನ್ನು ಓದುವಾಗ ಅಪಘಾತ ಯಾವ ದಿನ ನಡೆದದ್ದು ಎಂಬುದನ್ನು ಮೊದಲು ನೋಡಿಕೊಳ್ಳಬೇಕಾಗುತ್ತದೆ. ಕಲಮುಗಳ ಸಂಖ್ಯೆಗಳೂ ಆ ದಿನಾಂಕದ ನಂತರ ಬದಲಾಗಿವೆ.

ನ್ಯಾಯಮಂಡಳಿ ಮತ್ತು ಅರ್ಜಿ

ಕಾಯ್ದೆಯ 165ನೇ ಕಲಮಿನ ಅನ್ವಯ ರಾಜ್ಯ ಸರ್ಕಾರಗಳು ನ್ಯಾಯಮಂಡಳಿಗಳನ್ನು ರಚಿಸುತ್ತವೆ. ಒಂದು ಪ್ರದೇಶಕ್ಕೆ ನ್ಯಾಯಮಂಡಳಿ ರಚನೆಯಾದ ಮೇಲೆ ಅಲ್ಲಿನ ಸಿವಿಲ್ ನ್ಯಾಯಾಲಯಗಳು ಇಂತಹ ಪರಿಹಾರದ ಪ್ರಶ್ನೆಯನ್ನು ವಿಚಾರಿಸುವಂತಿಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಲಯಗಳೇ ನ್ಯಾಯಮಂಡಳಿಗಳಾಗಿಯೂ ಕೆಲಸ ಮಾಡುತ್ತವೆ. ಬೆಂಗಳೂರು ನಗರದಲ್ಲಿ ಈ ಕೆಲಸವು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಸೇರಿದೆ. ರಾಜ್ಯದಲ್ಲಿ ಈ ಅರ್ಜಿಗಳು ‘ಎಂವಿಸಿ’ ಎಂಬ ಸಂಖ್ಯೆಯಿಂದಲೂ, ಹೈಕೋರ್ಟಿಗೆ ಹೋಗುವ ಮೇಲ್ಮನವಿಗಳು ‘ಎಂಎಫ್‌ಎ’ ಎಂಬ ಸಂಖ್ಯೆಯಿಂದಲೂ ದಾಖಲಾಗುತ್ತವೆ.

166ನೇ ಕಲಮಿನ ಪ್ರಕಾರ ಗಾಯಾಳು ತಾನೇ ಅಥವಾ ಅಧಿಕೃತ ಪ್ರತಿನಿಧಿಯ ಮೂಲಕ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಗೇ ಹೋಗಬೇಕೆಂಬ ನಿರ್ಬಂಧವಿಲ್ಲ. ಅರ್ಜಿದಾರ ವಾಸಿಸುವ ಅಥವಾ ವೃತ್ತಿ ನಡೆಸುವ ಊರು, ಇಲ್ಲವೇ ಎದುರುದಾರ ವಾಸಿಸುವ ಊರು ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಹೊರ ರಾಜ್ಯದ ಹೆದ್ದಾರಿಯಲ್ಲಿ ಗಾಯಗೊಂಡು ಊರಿಗೆ ಮರಳಿದವರಿಗೆ ಈ ಅವಕಾಶ ಬಹಳ ಉಪಯುಕ್ತವಾದದ್ದು.

ಕಾಲಮಿತಿಯ ಇತಿಹಾಸ ಏಕರೂಪವಾಗಿಲ್ಲ. 1988ರ ಮೂಲ ಕಾಯ್ದೆಯಲ್ಲಿ ಆರು ತಿಂಗಳ ಮಿತಿಯಿತ್ತು. 1994ರ ತಿದ್ದುಪಡಿಯು ಅದನ್ನು ಪೂರ್ಣವಾಗಿ ತೆಗೆದುಹಾಕಿತು; ಸುಮಾರು 27 ವರ್ಷಗಳ ಕಾಲ ಯಾವ ಮಿತಿಯೂ ಇರಲಿಲ್ಲ. 2019ರ ತಿದ್ದುಪಡಿಯು ಅಪಘಾತದ ದಿನದಿಂದ ಆರು ತಿಂಗಳ ಮಿತಿಯನ್ನು ಮತ್ತೆ ತಂದಿತು. ಮೂಳೆ ಮುರಿತಕ್ಕೆ ಎರಡು ಮೂರು ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಳ್ಳಬೇಕಾದ ಗಾಯಾಳುವಿಗೆ ಆರು ತಿಂಗಳು ದೀರ್ಘಾವಧಿಯೇನಲ್ಲ. ಈ ಮಿತಿಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಬಂದಿವೆ. ಇನ್ನೊಂದೆಡೆ, ಪೊಲೀಸರು 159ನೇ ಕಲಮಿನ ಅಡಿಯಲ್ಲಿ ನ್ಯಾಯಮಂಡಳಿಗೆ ಕಳುಹಿಸುವ ಅಪಘಾತ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನೂ ಸಲ್ಲಿಸಬೇಕೆಂದು 2022ರ ಕೇಂದ್ರ ನಿಯಮಗಳು ವಿಧಿಸುತ್ತವೆ. ಈ ನಿಯಮಗಳನ್ನು ದೇಶದಾದ್ಯಂತ ಪಾಲಿಸುವಂತೆ ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ನಿರ್ದೇಶನಗಳನ್ನು ನೀಡಿತು.

ನಿರ್ಲಕ್ಷ್ಯದ ರುಜುವಾತು

166ನೇ ಕಲಮಿನ ಅರ್ಜಿಯಲ್ಲಿ ಎದುರು ವಾಹನದ ಚಾಲಕನ ಅಜಾಗರೂಕತೆ ಅಥವಾ ನಿರ್ಲಕ್ಷ್ಯದಿಂದ ಅಪಘಾತವಾಯಿತು ಎಂಬುದನ್ನು ಅರ್ಜಿದಾರ ತೋರಿಸಬೇಕು. ಇದಕ್ಕೆ ಅಪರಾಧ ಪ್ರಕರಣದಂತೆ ಸಂಶಯಾತೀತ ರುಜುವಾತು ಬೇಕಿಲ್ಲ. ಸಂಭವನೀಯತೆಯ ತೂಕ ಅರ್ಜಿದಾರನ ಕಡೆಗಿದ್ದರೆ ಸಾಕು. ನ್ಯಾಯಮಂಡಳಿಯು ಸಂಕ್ಷಿಪ್ತ ವಿಚಾರಣೆ ನಡೆಸುತ್ತದೆ. ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು ಮತ್ತು ನಕ್ಷೆ, ಮೋಟಾರು ವಾಹನ ನಿರೀಕ್ಷಕರ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪ ಪಟ್ಟಿ ಇವು ಪ್ರತಿಯೊಂದು ಕಡತದಲ್ಲಿಯೂ ಇರುವ ಸಾಮಾನ್ಯ ದಾಖಲೆಗಳು. ಗಾಯಾಳು ತನ್ನ ಸಾಕ್ಷ್ಯವನ್ನು ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಸಿ, ವಿಮಾ ಕಂಪನಿಯ ವಕೀಲರ ಪಾಟೀಸವಾಲಿಗೆ ಒಳಗಾಗುತ್ತಾನೆ.

ದೂರು ತಡವಾಗಿ ದಾಖಲಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಎತ್ತುವ ಆಕ್ಷೇಪಣೆ ಎಂದರೆ, ವಿಮೆ ಇರುವ ಬೇರೊಂದು ವಾಹನವನ್ನು ನಂತರ ಪ್ರಕರಣದೊಳಗೆ ಸೇರಿಸಲಾಗಿದೆ ಎಂಬುದು. ಇಂತಹ ಸುಳ್ಳು ಪ್ರಕರಣಗಳು ನಡೆದಿರುವುದು ನಿಜ. ಆದರೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದೇ ಮನೆಯವರ ಮೊದಲ ಕಾಳಜಿಯಾಗಿರುತ್ತದೆ, ಆದ್ದರಿಂದ ತಡವಾದ ದೂರು ತಾನಾಗಿಯೇ ಅರ್ಜಿಯನ್ನು ತಿರಸ್ಕರಿಸಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಈ ವಿಷಯದಲ್ಲಿ ಆಸ್ಪತ್ರೆಯ ಮೊದಲ ದಾಖಲೆಗೆ ಹೆಚ್ಚಿನ ಬೆಲೆಯಿದೆ. ದಾಖಲಾಗುವಾಗ ‘ಬೈಕಿನಿಂದ ಬಿದ್ದು ಗಾಯ’ ಎಂದು ಯಾರೋ ಬರೆಸಿದ ಒಂದು ಸಾಲು, ‘ಕಾರು ಡಿಕ್ಕಿ ಹೊಡೆಯಿತು’ ಎಂಬ ನಂತರದ ದೂರನ್ನು ಪೂರ್ತಿಯಾಗಿ ಸಂಶಯಕ್ಕೆ ಗುರಿಮಾಡಬಲ್ಲದು.

ಗಾಯಾಳುವಿನ ತಪ್ಪೂ ಅಪಘಾತಕ್ಕೆ ಕಾರಣವಾಗಿದ್ದರೆ ಅದನ್ನು ಸಹ-ನಿರ್ಲಕ್ಷ್ಯ ಎನ್ನಲಾಗುತ್ತದೆ. ಅಂತಹ ಸಂದರ್ಭದಲ್ಲಿ ತಪ್ಪಿನ ಶೇಕಡಾವಾರು ಪಾಲನ್ನು ಒಟ್ಟು ಪರಿಹಾರದಿಂದ ಕಳೆಯಲಾಗುತ್ತದೆ. ಆದರೆ ನಿಯಮ ಉಲ್ಲಂಘನೆಯೆಲ್ಲವೂ ಸಹ-ನಿರ್ಲಕ್ಷ್ಯವಲ್ಲ. ಬೈಕಿನಲ್ಲಿ ಮೂವರು ಕುಳಿತಿದ್ದರು ಎಂಬ ಒಂದೇ ಕಾರಣಕ್ಕೆ ಪರಿಹಾರವನ್ನು ಕಡಿತಗೊಳಿಸುವಂತಿಲ್ಲ, ಆ ಉಲ್ಲಂಘನೆಗೂ ಅಪಘಾತಕ್ಕೂ ಅಥವಾ ಗಾಯದ ತೀವ್ರತೆಗೂ ಸಂಬಂಧವಿರಬೇಕು ಎಂದು 2020ರ ಸುಪ್ರೀಂ ಕೋರ್ಟ್ ತೀರ್ಪು ಹೇಳುತ್ತದೆ. ಇದಕ್ಕೆ ಭಿನ್ನವಾಗಿ, ಎರಡು ವಾಹನಗಳ ಚಾಲಕರ ತಪ್ಪಿನಿಂದ ಮೂರನೆಯವನೊಬ್ಬ ಗಾಯಗೊಂಡರೆ, ಆತ ಪೂರ್ಣ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದು. ಇಬ್ಬರ ನಡುವಿನ ಹಂಚಿಕೆ ಅವರ ಪಾಡಿಗೆ ಬಿಟ್ಟದ್ದು.

ಪರಿಹಾರದ ಲೆಕ್ಕ

ಕಾಯ್ದೆಯ 168ನೇ ಕಲಮು ‘ನ್ಯಾಯೋಚಿತವಾಗಿ ಕಂಡ’ ಪರಿಹಾರವನ್ನು ನಿರ್ಧರಿಸಬೇಕೆಂದು ಮಾತ್ರ ಹೇಳುತ್ತದೆ. ಗಾಯಾಳುವನ್ನು ಹಣದಿಂದ ಸಾಧ್ಯವಾದಷ್ಟು ಮಟ್ಟಿಗೆ ಅಪಘಾತದ ಮುಂಚಿನ ಸ್ಥಿತಿಗೆ ತರಬೇಕು ಎಂಬುದು ಇದರ ಹಿಂದಿನ ತತ್ವ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚಿನ ಮೊತ್ತ ನ್ಯಾಯೋಚಿತವೆಂದು ಕಂಡರೆ ಅದನ್ನೂ ಕೊಡಬಹುದು ಎಂದು 2002ರ ನಾಗಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಒಮ್ಮೆ ಅಂತಿಮ ಐತೀರ್ಪು ಹೊರಬಿದ್ದ ಮೇಲೆ ಮುಂದಿನ ಚಿಕಿತ್ಸೆಗೆಂದು ಇನ್ನೊಂದು ಐತೀರ್ಪು ನೀಡಲು ಕಾಯ್ದೆಯಲ್ಲಿ ಅವಕಾಶವಿಲ್ಲ ಎಂಬುದನ್ನೂ ಅದೇ ತೀರ್ಪು ಗುರುತಿಸಿದೆ. ಹೀಗಾಗಿ ಹತ್ತು ವರ್ಷಗಳ ನಂತರ ಬದಲಾಯಿಸಬೇಕಾದ ಕೃತಕ ಕಾಲಿನ ಬೆಲೆಯನ್ನೂ ಮೊದಲ ಐತೀರ್ಪಿನಲ್ಲಿಯೇ ಅಂದಾಜು ಮಾಡಿ ಸೇರಿಸಬೇಕಾಗುತ್ತದೆ.

ಗಾಯದ ಪ್ರಕರಣಗಳಲ್ಲಿ ಇಂದು ದೇಶದಾದ್ಯಂತ ಅನುಸರಿಸುತ್ತಿರುವ ಚೌಕಟ್ಟು 2010ರ ಅಕ್ಟೋಬರಿನ ರಾಜ್ ಕುಮಾರ್ ಪ್ರಕರಣದ ತೀರ್ಪಿನಿಂದ ಬಂದದ್ದು. ಇದನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್. ಈ ತೀರ್ಪು ನಷ್ಟವನ್ನು ಹಣದಲ್ಲಿ ಲೆಕ್ಕ ಹಾಕಬಹುದಾದದ್ದು ಮತ್ತು ಹಾಗೆ ಹಾಕಲಾಗದ್ದು ಎಂದು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯ ಬಗೆಯಲ್ಲಿ ಚಿಕಿತ್ಸೆ, ಔಷಧ, ಓಡಾಟ, ಪೌಷ್ಟಿಕ ಆಹಾರದ ವೆಚ್ಚ, ಹಾಸಿಗೆ ಹಿಡಿದ ಅವಧಿಯ ಗಳಿಕೆಯ ನಷ್ಟ, ಶಾಶ್ವತ ಅಂಗವೈಕಲ್ಯದಿಂದ ಮುಂದೆ ಆಗುವ ಗಳಿಕೆಯ ನಷ್ಟ ಮತ್ತು ಮುಂದಿನ ಚಿಕಿತ್ಸಾ ವೆಚ್ಚ ಸೇರುತ್ತವೆ. ಎರಡನೆಯ ಬಗೆಯಲ್ಲಿ ನೋವು ಮತ್ತು ಯಾತನೆ, ಜೀವನದ ಸೌಖ್ಯಗಳ ನಷ್ಟ (ವಿವಾಹದ ಅವಕಾಶ ಕೈತಪ್ಪುವುದೂ ಇದರಲ್ಲಿ ಬರುತ್ತದೆ) ಹಾಗೂ ಆಯುಷ್ಯದ ನಿರೀಕ್ಷೆ ಕುಗ್ಗಿದ್ದಕ್ಕೆ ಪರಿಹಾರ ಸೇರುತ್ತವೆ. ಸಾಧಾರಣ ಗಾಯಗಳಲ್ಲಿ ಚಿಕಿತ್ಸಾ ವೆಚ್ಚ, ಚಿಕಿತ್ಸೆಯ ಅವಧಿಯ ಗಳಿಕೆ ಮತ್ತು ನೋವು-ಯಾತನೆ ಇವಿಷ್ಟಕ್ಕೆ ಮಾತ್ರ ಪರಿಹಾರ ದೊರೆಯುತ್ತದೆ. ಉಳಿದವು ಗಂಭೀರ ಗಾಯಗಳಿಗೆ ಮೀಸಲು.

ಅಂಗವೈಕಲ್ಯ ಮತ್ತು ಗಳಿಕೆಯ ಸಾಮರ್ಥ್ಯ

ಗಾಯದ ಪ್ರಕರಣಗಳಲ್ಲಿ ಅತಿ ಹೆಚ್ಚು ವಾದ ನಡೆಯುವುದು ಈ ಒಂದು ಅಂಶದ ಮೇಲೆ. ವೈದ್ಯರ ಪ್ರಮಾಣಪತ್ರದಲ್ಲಿರುವ ಶೇಕಡಾವಾರು ಅಂಗವೈಕಲ್ಯವೂ ಗಳಿಕೆಯ ಸಾಮರ್ಥ್ಯದ ನಷ್ಟವೂ ಒಂದೇ ಅಲ್ಲ ಎಂಬುದು ರಾಜ್ ಕುಮಾರ್ ತೀರ್ಪಿನ ತಿರುಳು. ವೈದ್ಯರು ಹೇಳಬಲ್ಲದ್ದು ದೇಹದ ಸ್ಥಿತಿಯನ್ನು ಮಾತ್ರ. ಅದರಿಂದ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ನ್ಯಾಯಮಂಡಳಿಯೇ ನಿರ್ಧರಿಸಬೇಕು. ಗಾಯಾಳು ಈಗ ಯಾವ ಕೆಲಸಗಳನ್ನು ಮಾಡಬಲ್ಲ ಮತ್ತು ಯಾವುದನ್ನು ಮಾಡಲಾರ, ಅಪಘಾತಕ್ಕೆ ಮೊದಲು ಆತನ ವೃತ್ತಿ ಏನಾಗಿತ್ತು, ವಯಸ್ಸೆಷ್ಟು, ಅದೇ ವೃತ್ತಿಯಲ್ಲಿ ಮುಂದುವರಿಯಬಲ್ಲನೇ ಅಥವಾ ಬೇರೆ ಕೆಲಸದಿಂದಾದರೂ ಜೀವನ ಸಾಗಿಸಬಲ್ಲನೇ ಎಂಬುದನ್ನು ಪರಿಶೀಲಿಸಬೇಕು. ಎಡಗೈ ಕಳೆದುಕೊಂಡ ಬಡಗಿ ಅಥವಾ ಚಾಲಕನ ದುಡಿಮೆ ಬಹುತೇಕ ನಿಂತೇಹೋಗುತ್ತದೆ; ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಸಂಬಳ ಮುಂದುವರಿಯಬಹುದು. ಗುಮಾಸ್ತನಿಗೆ ಗಳಿಕೆಯ ನಷ್ಟದ ಬಾಬ್ತಿನಲ್ಲಿ ಹಣ ಸಿಗದಿದ್ದರೂ ಜೀವನದ ಸೌಖ್ಯಗಳ ನಷ್ಟಕ್ಕೆ ಹೆಚ್ಚಿನ ಮೊತ್ತ ಸಿಗಬಹುದು.

ಪ್ರಮಾಣಪತ್ರವನ್ನು ಓದುವಾಗ ಅದು ಒಂದು ಅಂಗಕ್ಕೆ ಸಂಬಂಧಿಸಿದ್ದೋ ಇಡೀ ದೇಹಕ್ಕೆ ಸಂಬಂಧಿಸಿದ್ದೋ ಎಂಬುದನ್ನು ಗಮನಿಸಬೇಕು. ‘ಬಲಗಾಲಿಗೆ ಶೇಕಡಾ 45’ ಎಂದರೆ ದೇಹಕ್ಕೆ ಶೇಕಡಾ 45 ಎಂದಲ್ಲ. ಕರ್ನಾಟಕದ ನ್ಯಾಯಮಂಡಳಿಗಳಲ್ಲಿ ಅಂಗದ ಅಂಗವೈಕಲ್ಯದ ಮೂರನೇ ಒಂದು ಭಾಗವನ್ನು ಇಡೀ ದೇಹದ ಅಂಗವೈಕಲ್ಯವೆಂದು ತೆಗೆದುಕೊಳ್ಳುವ ರೂಢಿ ಇದೆ. ಇದು ಶಾಸನದ ನಿಯಮವಲ್ಲ, ರೂಢಿ ಮಾತ್ರ. ದೈಹಿಕ ಶ್ರಮದಿಂದ ಬದುಕುವವರ ವಿಷಯದಲ್ಲಿ ಈ ರೂಢಿಯನ್ನು ಕಣ್ಣುಮುಚ್ಚಿ ಅನುಸರಿಸಿದರೆ ಅನ್ಯಾಯವಾಗುತ್ತದೆ. ಇಂತಹ ಐತೀರ್ಪುಗಳು ಮೇಲ್ಮನವಿಯಲ್ಲಿ ತಿದ್ದುಪಡಿಯಾಗುವುದುಂಟು.

ಅಂಗವೈಕಲ್ಯವನ್ನು ಸಾಬೀತುಪಡಿಸಲು ಸಾಮಾನ್ಯವಾಗಿ ವೈದ್ಯರನ್ನು ಸಾಕ್ಷಿಯಾಗಿ ವಿಚಾರಿಸಬೇಕಾಗುತ್ತದೆ. ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷ್ಯಕ್ಕೆ ಹೆಚ್ಚು ತೂಕವಿದೆ. ಆದರೆ ಅವರು ನ್ಯಾಯಾಲಯದಲ್ಲಿ ದಿನವಿಡೀ ಕಾಯಲು ಹಿಂಜರಿಯುವುದರಿಂದ, ಚಿಕಿತ್ಸೆ ಕೊಡದೆ ಪ್ರಮಾಣಪತ್ರ ಮಾತ್ರ ಕೊಡುವ ವೈದ್ಯರು ಸಾಕ್ಷಿಗಳಾಗಿ ಬರುತ್ತಾರೆ. ಉದಾರವಾಗಿ ಪ್ರಮಾಣಪತ್ರ ನೀಡುವ ಇಂತಹವರ ಬಗ್ಗೆ ಎಚ್ಚರ ವಹಿಸಬೇಕೆಂದೂ, ಅಗತ್ಯವಿದ್ದರೆ ವೈದ್ಯಕೀಯ ಮಂಡಳಿಯ ಅಭಿಪ್ರಾಯ ಪಡೆಯಬೇಕೆಂದೂ, ಚಿಕಿತ್ಸಕ ವೈದ್ಯರ ಸಾಕ್ಷ್ಯಕ್ಕೆ ನಿಗದಿತ ಸಮಯ ಗೊತ್ತುಮಾಡಬೇಕೆಂದೂ ರಾಜ್ ಕುಮಾರ್ ತೀರ್ಪು ನ್ಯಾಯಮಂಡಳಿಗಳಿಗೆ ಸೂಚಿಸಿದೆ.

ಆದಾಯ, ಗುಣಕ ಮತ್ತು ಒಂದು ಉದಾಹರಣೆ

ಸಂಬಳದ ಚೀಟಿ ಇಲ್ಲವೇ ಆದಾಯ ತೆರಿಗೆ ವಿವರ ಇರುವವರ ಆದಾಯವನ್ನು ಕಂಡುಹಿಡಿಯುವುದು ಸುಲಭ. ಕೂಲಿಕಾರರು, ಬೀದಿ ವ್ಯಾಪಾರಿಗಳು, ಸಣ್ಣ ರೈತರು ಇವರ ಬಳಿ ಯಾವ ಕಾಗದವೂ ಇರುವುದಿಲ್ಲ. ಕರ್ನಾಟಕದ ಕೂಲಿಕಾರ್ಮಿಕರೊಬ್ಬರ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ಕೂಲಿ ಮಾಡುವವನಿಂದ ಆದಾಯದ ದಾಖಲೆಯನ್ನು ನಿರೀಕ್ಷಿಸಲಾಗದು ಎಂದು ಹೇಳಿ, ನ್ಯಾಯಮಂಡಳಿ ತೆಗೆದುಕೊಂಡಿದ್ದ ತಿಂಗಳಿಗೆ 3,000 ರೂಪಾಯಿಯ ಬದಲು ಆತ ಹೇಳಿಕೊಂಡಿದ್ದ 4,500 ರೂಪಾಯಿಯನ್ನೇ ಒಪ್ಪಿಕೊಂಡಿತು. ದಾಖಲೆ ಇಲ್ಲದ ಪ್ರಕರಣಗಳಿಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್‌ಗಳ ಬಳಕೆಗೆಂದು ಅಪಘಾತದ ವರ್ಷಕ್ಕೆ ಅನುಗುಣವಾದ ಕಾಲ್ಪನಿಕ ಆದಾಯದ ಪಟ್ಟಿಯನ್ನು ಸಿದ್ಧಪಡಿಸಿದೆ. ಹೈಕೋರ್ಟ್ ಕೂಡ ತನ್ನ ತೀರ್ಪುಗಳಲ್ಲಿ ಇದನ್ನು ಆಧಾರವಾಗಿ ಬಳಸುತ್ತದೆ. ಗೃಹಿಣಿಯರ ಮನೆಗೆಲಸಕ್ಕೂ ಆರ್ಥಿಕ ಬೆಲೆಯಿದೆ ಎಂಬುದನ್ನು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಎತ್ತಿಹಿಡಿದಿದೆ; ಅವರಿಗೂ ಕಾಲ್ಪನಿಕ ಆದಾಯವನ್ನು ಗೊತ್ತುಮಾಡಿ ಲೆಕ್ಕ ಹಾಕಲಾಗುತ್ತದೆ.

ವಾರ್ಷಿಕ ನಷ್ಟವನ್ನು ಎಷ್ಟು ವರ್ಷಗಳಿಂದ ಗುಣಿಸಬೇಕು ಎಂಬುದನ್ನು 2009ರ ಸರಳಾ ವರ್ಮಾ ಪ್ರಕರಣದ ಪಟ್ಟಿ ನಿರ್ಧರಿಸುತ್ತದೆ. 15ರಿಂದ 25 ವರ್ಷದವರಿಗೆ ಗುಣಕ 18. ನಂತರ 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, 51ರಿಂದ 55ಕ್ಕೆ 11, 56ರಿಂದ 60ಕ್ಕೆ 9, 61ರಿಂದ 65ಕ್ಕೆ 7, ಅದಕ್ಕೂ ಮೇಲ್ಪಟ್ಟವರಿಗೆ 5. ಈ ತೀರ್ಪನ್ನು ಬರೆದವರೂ ನ್ಯಾಯಮೂರ್ತಿ ರವೀಂದ್ರನ್ ಅವರೇ. ಮುಂದೆ ಆದಾಯ ಹೆಚ್ಚುವ ಸಾಧ್ಯತೆಗೆ ಎಷ್ಟು ಸೇರಿಸಬೇಕು ಎಂಬುದನ್ನು 2017ರ ಅಕ್ಟೋಬರ್ 31ರ ಪ್ರಣಯ್ ಸೇಥಿ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ನಿಗದಿಪಡಿಸಿತು. ಅದರಂತೆ ಖಾಯಂ ನೌಕರರಿಗೆ ವಯಸ್ಸು 40ಕ್ಕಿಂತ ಕಡಿಮೆಯಿದ್ದರೆ ಶೇಕಡಾ 50, 40ರಿಂದ 50ರವರೆಗೆ 30, 50ರಿಂದ 60ರವರೆಗೆ 15. ಸ್ವಯಂ ಉದ್ಯೋಗಿಗಳಿಗೆ ಮತ್ತು ನಿಗದಿತ ಸಂಬಳದವರಿಗೆ ಕ್ರಮವಾಗಿ 40, 25 ಮತ್ತು 10. ಅದು ಮರಣದ ಪ್ರಕರಣವಾಗಿದ್ದರಿಂದ ಗಾಯಾಳುಗಳಿಗೆ ಅನ್ವಯಿಸದು ಎಂದು ಕೆಲವು ಹೈಕೋರ್ಟ್‌ಗಳು ಭಾವಿಸಿದ್ದವು. ಶಾಶ್ವತ ಅಂಗವೈಕಲ್ಯದಿಂದ ಗಳಿಕೆ ಕುಂದಿದವರಿಗೂ ಇದು ಸಲ್ಲುತ್ತದೆ ಎಂದು 2020ರಲ್ಲಿಯೂ, ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ 2022ರಲ್ಲಿಯೂ ಸುಪ್ರೀಂ ಕೋರ್ಟ್ ಹೇಳಿತು.

ಲೆಕ್ಕದ ಕ್ರಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ತಿಂಗಳಿಗೆ 12,000 ರೂಪಾಯಿ ಗಳಿಸುತ್ತಿದ್ದ 35 ವರ್ಷದ ಗಾರೆ ಕೆಲಸಗಾರನೊಬ್ಬನ ಕಾಲು ಮುರಿದು, ವೈದ್ಯರು ಆ ಕಾಲಿಗೆ ಶೇಕಡಾ 45 ಅಂಗವೈಕಲ್ಯವಿದೆ ಎಂದಿದ್ದಾರೆ ಎಂದುಕೊಳ್ಳೋಣ. ಶೇಕಡಾ 40 ಸೇರಿಸಿದರೆ ಮಾಸಿಕ ಆದಾಯ 16,800, ವಾರ್ಷಿಕ 2,01,600 ರೂಪಾಯಿ. ಇದನ್ನು 16ರಿಂದ ಗುಣಿಸಿದರೆ 32,25,600 ರೂಪಾಯಿ. ರೂಢಿಯಂತೆ ಮೂರನೇ ಒಂದು ಭಾಗ, ಅಂದರೆ ಶೇಕಡಾ 15, ಎಂದು ತೆಗೆದುಕೊಂಡರೆ ಮುಂದಿನ ಗಳಿಕೆಯ ನಷ್ಟ 4,83,840 ರೂಪಾಯಿ ಆಗುತ್ತದೆ. ಸಾರುವೆ ಹತ್ತಲಾರದ, ಭಾರ ಹೊರಲಾರದ ಆತನ ದುಡಿಮೆ ಶೇಕಡಾ 60ರಷ್ಟು ಕುಗ್ಗಿದೆ ಎಂದು ನ್ಯಾಯಮಂಡಳಿ ಒಪ್ಪಿದರೆ ಅದೇ ಬಾಬ್ತು 19,35,360 ರೂಪಾಯಿಗೆ ಏರುತ್ತದೆ. ಗಾಯ ಒಂದೇ, ದಾಖಲೆಗಳೂ ಒಂದೇ. ಸಾಕ್ಷ್ಯದಲ್ಲಿ ಆತನ ಕೆಲಸದ ಸ್ವರೂಪ ಎಷ್ಟು ವಿವರವಾಗಿ ಬಂದಿದೆ ಎಂಬುದರ ಮೇಲೆ ಈ ಅಂತರ ನಿಂತಿದೆ. ಗಾಯದ ಪ್ರಕರಣಗಳಲ್ಲಿ ಸ್ವಂತ ಖರ್ಚಿಗೆಂದು ಆದಾಯದಿಂದ ಏನನ್ನೂ ಕಳೆಯುವುದಿಲ್ಲ, ಏಕೆಂದರೆ ಗಾಯಾಳು ಬದುಕಿದ್ದಾನೆ ಮತ್ತು ಖರ್ಚು ಮಾಡಬೇಕಾಗಿದೆ.

ಗಾಯಗೊಂಡ ಮಕ್ಕಳಿಗೆ ಆದಾಯವೇ ಇಲ್ಲದಿರುವುದರಿಂದ ಈ ವಿಧಾನ ನೇರವಾಗಿ ಒದಗುವುದಿಲ್ಲ. ಕರ್ನಾಟಕದ ಬಾಲಕನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ 1 ಲಕ್ಷದಿಂದ 6 ಲಕ್ಷ ರೂಪಾಯಿಗಳವರೆಗಿನ ಒಂದು ಪಟ್ಟಿಯನ್ನು ಸೂಚಿಸಿತು; ಚಿಕಿತ್ಸೆ ಮತ್ತು ಆರೈಕೆಯ ವಾಸ್ತವ ವೆಚ್ಚ ಇದಕ್ಕೆ ಹೊರತು. ತೀವ್ರ ಗಾಯಗಳಿಗೆ ಈ ಮೊತ್ತ ಏನೇನೂ ಸಾಲದು. 2020ರ ತೀರ್ಪೊಂದರಲ್ಲಿ, ಪೂರ್ಣವಾಗಿ ಪರಾವಲಂಬಿಯಾದ ಬಾಲಕಿಗೆ ನುರಿತ ಕಾರ್ಮಿಕರ ಕನಿಷ್ಠ ವೇತನವನ್ನು ಆಧಾರವಾಗಿಟ್ಟು ಗಳಿಕೆಯ ನಷ್ಟವನ್ನು ಲೆಕ್ಕ ಹಾಕಲಾಯಿತು. ಆರೈಕೆಗೆ ಇಬ್ಬರು ಸಹಾಯಕರು ಬೇಕೆಂದು ಪರಿಗಣಿಸಿ, ತಿಂಗಳಿಗೆ ತಲಾ 5,000 ರೂಪಾಯಿಯಂತೆ, ಗುಣಕ 18ನ್ನು ಬಳಸಿ, ಆ ಒಂದೇ ಬಾಬ್ತಿಗೆ 21,60,000 ರೂಪಾಯಿ ಕೊಡಲಾಯಿತು. ಮಗುವನ್ನು ತಾಯಿಯೇ ನೋಡಿಕೊಳ್ಳುತ್ತಾಳೆ ಎಂದು ಆರೈಕೆಯನ್ನು ಲೆಕ್ಕದಿಂದ ಬಿಡುತ್ತಿದ್ದ ಹಳೆಯ ಕ್ರಮದಿಂದ ಇದು ದೊಡ್ಡ ಬದಲಾವಣೆ.

ವಿಮಾ ಕಂಪನಿಯ ಹೊಣೆ

146ನೇ ಕಲಮಿನ ಪ್ರಕಾರ ಮೂರನೇ ವ್ಯಕ್ತಿಯ ಹಾನಿಗೆ ವಿಮೆ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಚಾಲಕನಿಗೆ ಸಿಂಧುವಾದ ಪರವಾನಗಿ ಇರಲಿಲ್ಲ ಎಂಬುದು ವಿಮಾ ಕಂಪನಿಗಳ ಸಾಮಾನ್ಯ ಪ್ರತಿವಾದ. ಮಾಲೀಕನ ಕಡೆಯಿಂದ ಷರತ್ತಿನ ಉಲ್ಲಂಘನೆ ಸಾಬೀತಾದರೂ ಕಂಪನಿಯು ಮೊದಲು ಗಾಯಾಳುವಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂಬ ತತ್ವವನ್ನು 2004ರ ಸ್ವರಣ್ ಸಿಂಗ್ ಪ್ರಕರಣ ನೆಲೆಗೊಳಿಸಿತು. ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠವೂ 2020ರಲ್ಲಿ ಇದೇ ದಾರಿಯಲ್ಲಿ ತೀರ್ಪು ನೀಡಿತು. ಲಘು ವಾಹನದ ಪರವಾನಗಿ ಇರುವವರು 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ಎತ್ತಿಹಿಡಿದ ಮೇಲೆ ಪರವಾನಗಿಯ ಕುರಿತ ವಿವಾದಗಳಲ್ಲಿ ದೊಡ್ಡದೊಂದು ಭಾಗ ಬಗೆಹರಿದಿದೆ.

ಆದರೂ ವಿಮೆ ಎಲ್ಲರನ್ನೂ ಒಳಗೊಳ್ಳುವುದಿಲ್ಲ. ಕಡ್ಡಾಯ ಮೂರನೇ ವ್ಯಕ್ತಿ ವಿಮೆ ಮಾತ್ರ ಇರುವ ದ್ವಿಚಕ್ರ ವಾಹನದ ಹಿಂಬದಿ ಸವಾರನಿಗೆ, ಅದೇ ವಾಹನದ ತಪ್ಪಿನಿಂದ ಗಾಯವಾದರೆ, ಆ ವಿಮೆಯಿಂದ ರಕ್ಷಣೆ ಇಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಮಗ್ರ ಪಾಲಿಸಿ ಇದ್ದರೆ ಸ್ಥಿತಿ ಬೇರೆ. ಸರಕು ಸಾಗಣೆ ವಾಹನದಲ್ಲಿ ಕೂಲಿ ಕೊಟ್ಟೋ ಪುಕ್ಕಟೆಯಾಗಿಯೋ ಪ್ರಯಾಣಿಸುವವರೂ ವಿಮೆಯ ಹೊರಗೇ ಉಳಿಯುತ್ತಾರೆ. ಟ್ರ್ಯಾಕ್ಟರ್ ಮತ್ತು ಗೂಡ್ಸ್ ವಾಹನಗಳಲ್ಲಿ ಮದುವೆಗೆ, ಜಾತ್ರೆಗೆ ಜನರನ್ನು ಕರೆದೊಯ್ಯುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇರುವುದರಿಂದ ಇದರ ಪರಿಣಾಮ ಕಠಿಣವಾಗಿರುತ್ತದೆ. ತನ್ನದೇ ತಪ್ಪಿನಿಂದ ಗಾಯಗೊಂಡ ಮಾಲೀಕ-ಚಾಲಕನೂ ಮೂರನೇ ವ್ಯಕ್ತಿಯಲ್ಲ. ಆತನಿಗಾಗಿ ಪ್ರತ್ಯೇಕವಾದ ವೈಯಕ್ತಿಕ ಅಪಘಾತ ವಿಮೆ ಇದ್ದು, ಅದರ ಮೊತ್ತವನ್ನು 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಲಾಯಿತು.

ತಪ್ಪಿನ ರುಜುವಾತಿಲ್ಲದೆ ದೊರೆಯುವ ಹಣ

2022ರ ಏಪ್ರಿಲ್ ನಂತರದ ಅಪಘಾತಗಳಿಗೆ 164ನೇ ಕಲಮಿನ ಅಡಿಯಲ್ಲಿ, ಯಾರ ತಪ್ಪನ್ನೂ ಸಾಬೀತುಪಡಿಸದೆ, ಮರಣಕ್ಕೆ 5 ಲಕ್ಷ ಮತ್ತು ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯಬಹುದು. ಆದರೆ ವಿಮಾ ಕಂಪನಿಯ ಇತ್ಯರ್ಥ ಪ್ರಕ್ರಿಯೆಯಲ್ಲಿ ಈ ಮೊತ್ತವನ್ನು ಒಪ್ಪಿಕೊಂಡರೆ 166ನೇ ಕಲಮಿನ ಅರ್ಜಿ ಕೊನೆಗೊಳ್ಳುತ್ತದೆ. ಅಂಗವೈಕಲ್ಯ ಗಂಭೀರವಾಗಿದ್ದಾಗ ಇದು ಗಾಯಾಳುವಿಗೆ ದೊಡ್ಡ ನಷ್ಟವಾಗಬಲ್ಲದು.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ನ್ಯಾಯಮಂಡಳಿಗೆ ಹೋಗಲು ಎದುರುದಾರನೇ ಇರುವುದಿಲ್ಲ. ಅಂತಹ ಪ್ರಕರಣಗಳಲ್ಲಿ ಸರ್ಕಾರದ ಯೋಜನೆಯಿಂದ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಹಿಂದೆ ಇದು ಕ್ರಮವಾಗಿ 25,000 ಮತ್ತು 12,500 ರೂಪಾಯಿ ಇತ್ತು. ಅರ್ಜಿಯನ್ನು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದ ಅಧಿಕಾರಿಗೆ ಸಲ್ಲಿಸಬೇಕು. ಇದಲ್ಲದೆ 2025ರ ಮೇ ತಿಂಗಳಿನಿಂದ, ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರ ಯೋಜನೆ ಜಾರಿಯಲ್ಲಿದೆ.

ಮೇಲ್ಮನವಿ ಮತ್ತು ಹಣದ ಪಾವತಿ

ಐತೀರ್ಪಿನ ಮೇಲೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಮೊತ್ತ ಹೆಚ್ಚಾಯಿತೆಂದು ವಿಮಾ ಕಂಪನಿಯೂ, ಕಡಿಮೆಯಾಯಿತೆಂದು ಗಾಯಾಳುವೂ ಹೋಗುವುದರಿಂದ ಒಂದೇ ಐತೀರ್ಪಿನ ಮೇಲೆ ಎರಡು ಮೇಲ್ಮನವಿಗಳು ಒಟ್ಟಿಗೆ ವಿಚಾರಣೆಗೆ ಬರುವುದು ಸಾಮಾನ್ಯ. ಹಣ ಕೊಡಬೇಕಾದವರು ಮೇಲ್ಮನವಿ ಸಲ್ಲಿಸುವಾಗ 25,000 ರೂಪಾಯಿ ಅಥವಾ ಐತೀರ್ಪಿನ ಅರ್ಧ, ಇವೆರಡರಲ್ಲಿ ಕಡಿಮೆಯಾದದ್ದನ್ನು ಠೇವಣಿ ಇಡಬೇಕು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಮೇಲ್ಮನವಿಗೆ ಅವಕಾಶವಿಲ್ಲ. ಹಣ ಬೇಗ ಕೈಸೇರುತ್ತದೆ ಎಂಬ ಕಾರಣಕ್ಕೆ ಅನೇಕರು ಕಡಿಮೆ ಮೊತ್ತಕ್ಕೆ ರಾಜಿಯಾಗುತ್ತಾರೆ.

ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ನ್ಯಾಯಮಂಡಳಿಗಿದೆ. ಇದು ಹೆಚ್ಚಾಗಿ ಶೇಕಡಾ 6ರಿಂದ 9ರ ನಡುವೆ ಇರುತ್ತದೆ. ಮುಂದಿನ ಚಿಕಿತ್ಸೆಯ ಮೊತ್ತಕ್ಕೆ ಸಾಮಾನ್ಯವಾಗಿ ಬಡ್ಡಿ ಇರುವುದಿಲ್ಲ. ಅನಕ್ಷರಸ್ಥರು ಮತ್ತು ಅಪ್ರಾಪ್ತರ ಹಣ ಬೇರೆಯವರ ಪಾಲಾಗದಂತೆ, ಅದರ ಒಂದು ಭಾಗವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುವ ಪದ್ಧತಿಯೂ ಇದೆ. ಹಣ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲಿ ಮಾಡಬಹುದು ಅಥವಾ ಅಮಲ್ಜಾರಿ ಅರ್ಜಿ ಹಾಕಬಹುದು. ಸರ್ಕಾರಿ ಸಾರಿಗೆ ನಿಗಮಗಳು ವಿಮೆಯಿಂದ ವಿನಾಯಿತಿ ಪಡೆದು ತಮ್ಮದೇ ನಿಧಿಯಿಂದ ಪರಿಹಾರ ಕೊಡಲು ಅವಕಾಶವಿದೆ. ನಿಗಮ ಪರಿಹಾರ ಪಾವತಿಸದಿದ್ದಾಗ ನ್ಯಾಯಾಲಯದ ಅಮೀನರು ನಿಲ್ದಾಣದಲ್ಲಿಯೇ ಬಸ್ಸನ್ನು ಜಪ್ತಿ ಮಾಡಿದ ಸುದ್ದಿ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳ ಓದುಗರಿಗೆ ಹೊಸದಲ್ಲ.

ಗಾಯಾಳುವಿನ ಮರಣ ಮತ್ತು ಅರ್ಜಿ

ಅರ್ಜಿ ಬಾಕಿ ಇರುವಾಗ ಗಾಯಾಳು ಬೇರಾವುದೋ ಕಾರಣದಿಂದ ತೀರಿಕೊಂಡರೆ ಅರ್ಜಿ ಏನಾಗುತ್ತದೆ ಎಂಬುದು ದೀರ್ಘಕಾಲ ವಿವಾದಕ್ಕೆ ಒಳಗಾದ ಪ್ರಶ್ನೆ. ದೇಹಕ್ಕಾದ ಗಾಯದ ಹಕ್ಕು ವ್ಯಕ್ತಿಯೊಂದಿಗೇ ಅಳಿಯುತ್ತದೆ ಎಂಬ ಹಳೆಯ ಆಂಗ್ಲ ತತ್ವವನ್ನು ಅನುಸರಿಸಿ, ಇಂತಹ ಅರ್ಜಿ ಮುಂದುವರಿಯದು ಎಂದು ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠವು ಕಣ್ಣಮ್ಮ ಪ್ರಕರಣದಲ್ಲಿ 1990ರಲ್ಲಿ ಹೇಳಿತ್ತು. ಪರಿಣಾಮವಾಗಿ, ಸಾಲ ಮಾಡಿ ಚಿಕಿತ್ಸೆ ಕೊಡಿಸಿದ ಮನೆಯವರು ಬರಿಗೈಯಲ್ಲಿ ಉಳಿಯುವ ಸಂದರ್ಭಗಳು ಬರುತ್ತಿದ್ದವು. ಚಿಕಿತ್ಸಾ ವೆಚ್ಚ, ಆದಾಯನಷ್ಟ ಮುಂತಾದವು ಮೃತನ ಆಸ್ತಿಗೆ ಆದ ನಷ್ಟವಾದ್ದರಿಂದ ಆ ಮಟ್ಟಿಗೆ ವಾರಸುದಾರರು ಅರ್ಜಿಯನ್ನು ಮುಂದುವರಿಸಬಹುದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ತೀರ್ಪಿತ್ತಿತು. 2019ರ ತಿದ್ದುಪಡಿಯಿಂದ ಸೇರಿದ 166ನೇ ಕಲಮಿನ 5ನೇ ಉಪಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಪ್ರಕಾರ ಮರಣಕ್ಕೂ ಗಾಯಕ್ಕೂ ಸಂಬಂಧವಿರಲಿ, ಇಲ್ಲದಿರಲಿ, ಗಾಯಕ್ಕೆ ಪರಿಹಾರ ಕೇಳುವ ಹಕ್ಕು ಮೃತನ ಕಾನೂನುಬದ್ಧ ಪ್ರತಿನಿಧಿಗಳಿಗೆ ಉಳಿಯುತ್ತದೆ.